ಕೊಡೋದಕ್ಕಾ, ಉಡೋದಕ್ಕಾ?

ನಮ್ಮ ಮನೆಯ ಬೀರುವಿನ ಬಾಗಿಲು ತೆರೆಯಲು ಒಂದು ಉಪಾಯವಿದೆ. ಹಿಡಿಯನ್ನು ಮೇಲಕ್ಕೆತ್ತಿ, ಮೊಣಕಾಲಿನಿಂದ ಕೆಳಗೆ ಒಂದು ಗುದ್ದು ಕೊಟ್ಟು, ತಕ್ಷಣ ಎರಡೂ ಕೈ ಮುಂದೆ ಚಾಚಬೇಕು. ಚಾಚದಿದ್ದರೆ ಮೇಲಿನ ಖಾನೆಯ ಸೀರೆಗಳೆಲ್ಲ ಮುಖದ ಮೇಲೆ ಬೀಳುತ್ತವೆ. ಇಷ್ಟು ಸೀರೆ ಇದ್ದೂ, ಶಿವಮೊಗ್ಗದಿಂದ ಭದ್ರಾವತಿಯ ಶಾಲೆಗೆ ಹೊರಡುವ ಅವಸರದಲ್ಲಿ, ಬೆಳಿಗ್ಗೆ ಏಳೂವರೆಗೆ ಅದರ ಮುಂದೆ ನಿಂತು ನಾನು ಹೇಳುತ್ತಿದ್ದ ಮಾತು ಒಂದೇ. ಉಡೋಕೆ ಒಂದೂ ಇಲ್ಲ.

ಈ ಮಾತಿಗೆ ಗಂಡಸರು ನಗುತ್ತಾರೆ. ನನ್ನ ಗಂಡ ಇಪ್ಪತ್ತಮೂರು ವರ್ಷದಿಂದ ನಗುತ್ತಿದ್ದಾರೆ. ಮಾಚೇನಹಳ್ಳಿಯಲ್ಲಿ ಅವರದೊಂದು ಸಣ್ಣ ಲೇತ್ ವರ್ಕ್‌ಶಾಪ್ ಇದೆ. ಎರಡು ಪ್ಯಾಂಟು, ನಾಲ್ಕು ಅಂಗಿ, ಎಲ್ಲದರ ಮೇಲೂ ಗ್ರೀಸಿನ ಗುರುತು, ಅಲ್ಲಿಗೆ ಅವರ ಬಟ್ಟೆಯ ವಿಚಾರ ಮುಗಿಯಿತು. ಬೀರು ತುಂಬಿದ್ದರೂ ಅದರಲ್ಲಿ ನಾನು ನನಗಾಗಿ ಕೊಂಡ ಸೀರೆ ಒಂದೂ ಇರಲಿಲ್ಲ ಎಂಬುದು ಅವರ ತಲೆಗೆ ಹೋಗುತ್ತಲೇ ಇರಲಿಲ್ಲ. ಎಲ್ಲವೂ ಬಂದ ಸೀರೆಗಳು. ಗೃಹಪ್ರವೇಶಕ್ಕೆ ಹೋದಾಗ ಬಂದದ್ದು, ಸೀಮಂತಕ್ಕೆ ಹೋದಾಗ ಬಂದದ್ದು, ಯಾರದೋ ಅರವತ್ತರ ಶಾಂತಿಯಲ್ಲಿ ತಾಂಬೂಲದ ಜೊತೆ ಬಂದದ್ದು. ಕೆಲವನ್ನು ಕೊಟ್ಟವರು ಯಾರೆಂಬುದೂ ಮರೆತುಹೋಗಿದೆ, ಸೀರೆ ಮಾತ್ರ ಹರಿಯುತ್ತಿಲ್ಲ.

ನಮ್ಮ ಕಡೆಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಂಧಿ ಬಜಾರಿನ ಯಾವ ಸೀರೆ ಅಂಗಡಿಯ ಮೆಟ್ಟಿಲು ಹತ್ತಿದರೂ ಮೊದಲು ಕೇಳುವ ಪ್ರಶ್ನೆ ಬಣ್ಣದ್ದಲ್ಲ, ಬಟ್ಟೆಯದ್ದಲ್ಲ. "ಕೊಡೋದಕ್ಕಾ, ಉಡೋದಕ್ಕಾ?" ಉಡೋದಕ್ಕೆ ಎಂದರೆ ಒಳಗಿನ ಕಪಾಟು ತೆಗೆಯುತ್ತಾರೆ. ಕೊಡೋದಕ್ಕೆ ಎಂದರೆ ಹೊರಗೆ ರಾಶಿ ಹಾಕಿದ ಕಟ್ಟಿನಿಂದ ಎಳೆಯುತ್ತಾರೆ. ಕೊಡೋ ಸೀರೆಗೆ ಮಿಂಚು ಜಾಸ್ತಿ, ಗಂಜಿ ಜಾಸ್ತಿ, ಯಾರಿಗೂ ಬೇಸರವಾಗದ ಮತ್ತು ಯಾರಿಗೂ ಒಪ್ಪದ ಬಣ್ಣ. ಅದರ ಮಡಿಕೆಯನ್ನು ಯಾರೂ ಬಿಚ್ಚುವುದಿಲ್ಲ. ಕುಂಸಿಯ ನಾಮಕರಣದಲ್ಲಿ ಬಂದದ್ದು ಗಾಜನೂರಿನ ಗೃಹಪ್ರವೇಶಕ್ಕೆ ಹೋಗುತ್ತದೆ, ಅಲ್ಲಿಂದ ಮತ್ತೆಲ್ಲಿಗೋ. ಬುದ್ಧಿ ಇರುವ ಹೆಂಗಸರು ಹೀಗೆ ಬಂದದ್ದನ್ನು ಹಾಗೆಯೇ ದಾಟಿಸುತ್ತಾರೆ. ನಾನು ಬಿಚ್ಚಿ ಉಡುತ್ತಿದ್ದೆ.

ಯಾಕೆ ಉಡುತ್ತಿದ್ದೆ ಎಂದರೆ ಉತ್ತರ ಇಷ್ಟೇ, "ನಂಗೇನು, ನಡಿಯುತ್ತೆ." ಇದು ನನ್ನ ಬಾಯಿಗೆ ಅಂಟಿಕೊಂಡ ಮಾತು. ಹಾಗೆಂದು ನನಗೆ ಒಳ್ಳೆಯ ಸೀರೆ ಆರಿಸಲು ಬರುವುದಿಲ್ಲ ಎಂದಲ್ಲ. ಭದ್ರಾವತಿಯಲ್ಲಿರುವ ನಾದಿನಿಗೆ, ಅಂದರೆ ನನ್ನ ಗಂಡನ ತಂಗಿಗೆ, ಹಬ್ಬಕ್ಕೆ ತರುವಾಗ ಮೂರು ಅಂಗಡಿ ಸುತ್ತಿ, ಬೆಳಕಿಗೆ ಹಿಡಿದು, ಒಳಗಿನ ಕಪಾಟಿನದ್ದನ್ನೇ ತರುತ್ತಿದ್ದೆ. ಮನೆಯ ಹೆಣ್ಣುಮಗಳು, ಅತ್ತಿಗೆ ಕಳಪೆ ಕೊಟ್ಟಳು ಎಂಬ ಮಾತು ಬರಬಾರದಲ್ಲ. ಅದನ್ನು ಕೊಟ್ಟು ಬಂದು ಮಾರನೆಯ ದಿನ ಎಲ್ಲಿಂದಲೋ ಬಂದ ಪಾಲಿಯೆಸ್ಟರ್ ಉಟ್ಟು ತರಗತಿಯಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ವಾರಕ್ಕೆ ಆರು ಸೀರೆ, ಅದೇ ಸರದಿ. ಮಕ್ಕಳು ವೇಳಾಪಟ್ಟಿ ನೋಡುವ ಬದಲು ನನ್ನ ಸೀರೆ ನೋಡಿ ಇವತ್ತು ಬುಧವಾರ ಎಂದು ಹೇಳುತ್ತಿದ್ದರು.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಈ ಬೇಸಿಗೆಯಲ್ಲಿ ಭದ್ರಾವತಿಯ ಒಂದು ಮದುವೆಯಲ್ಲಿ ಎಲ್ಲ ಕೆಟ್ಟಿತು. ಕಳೆದ ವರ್ಷ ಯಾವುದೋ ಗೃಹಪ್ರವೇಶದಲ್ಲಿ ಬಂದಿದ್ದ ಗಿಳಿಹಸಿರು ಸೀರೆ, ಕಿತ್ತಳೆ ಅಂಚು, ಅದನ್ನೇ ಉಟ್ಟು ಹೋಗಿದ್ದೆ. ಊಟದ ಹಾಲಿಗೆ ಕಾಲಿಟ್ಟೆ, ನೋಡಿದರೆ ಬಡಿಸುವ ಹೆಂಗಸರೆಲ್ಲ ಅದೇ ಗಿಳಿಹಸಿರು, ಅದೇ ಕಿತ್ತಳೆ ಅಂಚು. ಈಗೀಗ ಅಡುಗೆ ಗುತ್ತಿಗೆಯವರು ಬಡಿಸುವವರಿಗೆಲ್ಲ ಒಂದೇ ತರಹದ ಸೀರೆ ಉಡಿಸುತ್ತಾರಲ್ಲ, ಅವರೂ ಅದೇ ಕಟ್ಟಿನಿಂದ ಕೊಂಡಿರಬೇಕು. ನಾನು ಜಾಗ ಹುಡುಕುತ್ತಾ ನಿಂತಿದ್ದೇನೆ, ಪಂಕ್ತಿಯಿಂದ ಒಬ್ಬ ಹಿರಿಯರು ಕೈ ಎತ್ತಿ, "ಅಮ್ಮಾ, ಈ ಸಾಲಿಗೆ ಹೋಳಿಗೆ ಬಂದೇ ಇಲ್ಲ," ಎಂದರು.

ನಾನು ಅತಿಥಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹೋಗಿ ಹೋಳಿಗೆಯ ತಟ್ಟೆ ತಂದು, ಆ ಸಾಲಿಗೆಲ್ಲ ಬಡಿಸಿದೆ. ತುಪ್ಪ ಕೇಳಿದರು, ತುಪ್ಪವನ್ನೂ ತಂದೆ. ನನ್ನ ಗಂಡ ಅದೇ ಸಾಲಿನ ತುದಿಯಲ್ಲಿ ಕೂತಿದ್ದವರು ತಲೆ ಎತ್ತಿ ನೋಡಿ, "ನಂಗೊಂದು ಜಾಸ್ತಿ ಹಾಕೆ," ಎಂದರು. ಆ ಕ್ಷಣ ನನ್ನ ಪಿತ್ತ ನೆತ್ತಿಗೇರಿದ್ದು ಇವತ್ತಿಗೂ ಇಳಿದಿಲ್ಲ.

ಅದೇ ತಿಂಗಳು ಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯಿನಿ ಎಂದು ತೀರ್ಮಾನವಾಗಿತ್ತು. ರಜೆ ಮುಗಿದು ಶಾಲೆ ಶುರುವಾಗುವ ದಿನ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ನಿಂತು ಮಾತಾಡಬೇಕು. ಆ ದಿನ ನಾನೇ ಆರಿಸಿದ ಸೀರೆ ಉಟ್ಟು ನಿಲ್ಲಬೇಕು ಎಂಬ ಹಟ ಹುಟ್ಟಿತು. ಇದು ಸಣ್ಣ ವಿಷಯ ಎನ್ನುವವರು ಎನ್ನಲಿ. ನಲವತ್ತೆಂಟು ವರ್ಷದ ಹೆಂಗಸು ತನ್ನ ಮೈಮೇಲೆ ತಾನು ಆರಿಸಿದ್ದು ಒಂದಾದರೂ ಇರಲಿ ಎಂದುಕೊಂಡರೆ ಅದು ಸಣ್ಣದಲ್ಲ. ನಮ್ಮ ಶಾಲೆಗೆ ಹೊಸದಾಗಿ ಬಂದ ಇಂಗ್ಲಿಷ್ ಮೇಡಂ ಫೋನಿನಲ್ಲಿ ಏನೇನೋ ನೋಡಿ, "ಇರೋದನ್ನೆಲ್ಲ ಬಿಸಾಕ್ಬೇಡಿ ಮೇಡಂ. ಸೀಸನ್‌ಗೆ ಎರಡೋ ಮೂರೋ ಸ್ಪೆಷಲ್ ತಗೊಂಡ್ರೆ ಸಾಕು, ಹಳೇದೂ ಹೊಸದಾಗಿ ಕಾಣುತ್ತೆ," ಎಂದಿದ್ದಳು. ಹಳೆಯದು ಹೊಸದಾಗಿ ಕಾಣುವ ಪವಾಡದಲ್ಲಿ ನನಗೆ ನಂಬಿಕೆಯಿಲ್ಲ. ಮೂರು ಎಂಬ ಲೆಕ್ಕ ಮಾತ್ರ ಹಿಡಿಸಿತು.

ಗಾಂಧಿ ಬಜಾರಿಗೆ ಒಬ್ಬಳೇ ಹೋದೆ. ಅಂಗಡಿಯವರು ಎಂದಿನಂತೆ ಕೇಳಿದರು. ನಾನು "ಉಡೋದಕ್ಕೆ," ಎಂದೆ. ಧ್ವನಿ ಸ್ವಲ್ಪ ಜೋರಾಗಿಯೇ ಬಂದಿರಬೇಕು, ಪಕ್ಕದವರು ತಿರುಗಿ ನೋಡಿದರು. "ಯಾರಿಗೆ ಮೇಡಂ, ಮಗಳಿಗಾ?" ಎಂದರು ಅವರು. ನನಗೆ ಮಗಳೇ ಇಲ್ಲ. "ನಂಗೆ ರೀ, ನಂಗೆ," ಎಂದು ಎರಡು ಸಲ ಹೇಳಬೇಕಾಯಿತು.

ಎರಡು ಕೈಮಗ್ಗದ ಹತ್ತಿ ಸೀರೆ ಬೇಗ ಸಿಕ್ಕವು. ಮೂರನೆಯದಕ್ಕೆ ಎರಡು ಗಂಟೆ ಹಿಡಿಯಿತು. ಕೊನೆಗೆ ಮೊಳಕಾಲ್ಮೂರಿನ ಒಂದು ರೇಷ್ಮೆ ಸೀರೆ ಬಿಚ್ಚಿ ಹಾಕಿದರು. ಮಾಗಿದ ನೇರಳೆ ಹಣ್ಣಿನ ಬಣ್ಣ, ಸಾಸಿವೆ ಹೂವಿನ ಹಳದಿ ಅಂಚು, ಮೈಯಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಬುಟ್ಟಾ. ಕನ್ನಡಿ ಮುಂದೆ ಹೆಗಲಿಗೆ ಹಾಕಿಕೊಂಡು ನಿಂತೆ. ನಾನು ಚೆನ್ನಾಗಿ ಕಾಣುತ್ತಿದ್ದೆ. ಹೀಗೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಕಾಣುತ್ತಿದ್ದೆ. ಆ ಖುಷಿಗೆ ಮನೆಗೆ ಬರುವಾಗ ಆಟೊದಲ್ಲಿ ಕವರನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದೆ.

ಹತ್ತಿ ಸೀರೆಗಳನ್ನು ಫಾಲ್ಸ್ ಹಾಕಲು ನಮ್ಮ ಬೀದಿಯ ಟೈಲರಿಗೆ ಕೊಟ್ಟೆ. ಆಕೆಯ "ಗುರುವಾರ ಬನ್ನಿ ಅಕ್ಕ" ಎಂಬ ಮಾತಿಗೆ ಯಾವ ಗುರುವಾರ ಎಂದು ಕೇಳುವಂತಿಲ್ಲ. ಕರೆಂಟ್ ಇರಲಿಲ್ಲ, ದಾರ ಸಿಗಲಿಲ್ಲ, ಮನೆಗೆ ನೆಂಟರು ಬಂದಿದ್ದರು. ರೇಷ್ಮೆ ಸೀರೆಯನ್ನು ಮಾತ್ರ ಅವಳ ಕೈಗೆ ಕೊಡಲಿಲ್ಲ. ಸೆರಗಿಗೆ ಕುಚ್ಚು ಹಾಕುವ ಒಬ್ಬರು ಭದ್ರಾವತಿಯಲ್ಲಿ ಶಾಲೆಯ ಹತ್ತಿರವೇ ಇದ್ದಾರೆ, ದಾಖಲಾತಿ ಕೆಲಸಕ್ಕೆ ಸೋಮವಾರ ಹೋಗುವಾಗ ಒಯ್ದರಾಯಿತು ಎಂದು ಬೀರುವಿನಲ್ಲಿಟ್ಟೆ. ಮೇಲಿನ ಖಾನೆಯಲ್ಲಿ ಜಾಗವಿರಲಿಲ್ಲ. ಕೆಳಗಿನ ಖಾನೆಯಲ್ಲಿಟ್ಟೆ.

ಕೆಳಗಿನ ಖಾನೆ ನಮ್ಮ ಅತ್ತೆಯದು. ಬಂದುಹೋಗುವವರಿಗೆ ಕೊಡಲು ಐದಾರು ಸೀರೆ, ಒಂದಷ್ಟು ರವಿಕೆ ಬಟ್ಟೆ ಅಲ್ಲಿ ಯಾವಾಗಲೂ ಇರುತ್ತವೆ. ಎಂಬತ್ತರ ಹತ್ತಿರದ ಅತ್ತೆ ಮನೆಯ ಉಳಿದ ಎಲ್ಲ ಯಜಮಾನಿಕೆ ಬಿಟ್ಟುಕೊಟ್ಟರೂ ಆ ಖಾನೆಯದ್ದನ್ನು ಬಿಟ್ಟಿಲ್ಲ.

ಭಾನುವಾರ ನನಗೆ ಯಾವುದೋ ಸಮೀಕ್ಷೆಯ ತರಬೇತಿ ಇತ್ತು. ಮೇಷ್ಟ್ರುಗಳಿಗೆ ರಜೆ ಎಂದರೆ ಸರ್ಕಾರಕ್ಕೆ ಏನೋ ಹೊಟ್ಟೆಕಿಚ್ಚು, ಜನ ಎಣಿಸು, ಮನೆ ಎಣಿಸು, ಅದೂ ಮುಗಿದರೆ ತರಬೇತಿಗೆ ಬಾ. ನಾನು ಅಲ್ಲಿ ಕೂತು ತೂಕಡಿಸುತ್ತಿದ್ದಾಗ ನಾದಿನಿ ತಾಯಿಯನ್ನು ನೋಡಲು ಬಂದು, ಊಟ ಮುಗಿಸಿ, ಸಂಜೆ ಹೊರಟಳಂತೆ. ತವರಿಂದ ಹೊರಡುವ ಮಗಳನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಅತ್ತೆ ಅವಳನ್ನು ಕೂರಿಸಿ, ಅರಿಸಿನ ಕುಂಕುಮ ಕೊಟ್ಟು, ಸೆರಗೊಡ್ಡಿಸಿ ಅಕ್ಕಿ, ಬೆಲ್ಲ, ಕೊಬ್ಬರಿ, ಬಳೆ ಹಾಕಿ ಮಡಲಕ್ಕಿ ಕೊಟ್ಟಿದ್ದಾರೆ. ಮೇಲೆ ಒಂದು ಸೀರೆ.

ಸೋಮವಾರ ಬೆಳಿಗ್ಗೆ ಬೀರುವಿಗೆ ಗುದ್ದು ಕೊಟ್ಟು ಕೆಳಗೆ ಬಗ್ಗಿದೆ. ಕವರಿಲ್ಲ. ಎಲ್ಲವನ್ನೂ ಹೊರಗೆ ಸುರಿದೆ. ಇಲ್ಲ.

"ಅತ್ತೆ, ಇಲ್ಲೊಂದು ನೇರಳೆ ಬಣ್ಣದ ರೇಷ್ಮೆ ಸೀರೆ ಇತ್ತಲ್ಲ?"

"ಅದಾ? ನಿನ್ನೆ ಅವಳಿಗೆ ಮಡಲಕ್ಕಿ ಹಾಕಿದ್ನಲ್ಲ, ಕೊಟ್ಟೆ. ಭಾರಿ ಚೆನ್ನಾಗಿತ್ತು ಕಣೇ. ಅವಳಂತೂ ಕುಣಿದ್ಲು."

"ಅತ್ತೆ, ಅದು ನಂದು."

"ನೀನೇ ತಂದಿದ್ದು ಅಂತ ಗೊತ್ತು. ನಾನೇನು ಪೇಟೆಗೆ ಹೋಗ್ತೀನಾ?"

"ತಂದಿದ್ದು ನಾನು ಉಡೋಕೆ. ಸ್ಕೂಲ್ ಶುರುವಾಗೋ ದಿನ ಉಡ್ಬೇಕು ಅಂತ ತಂದಿದ್ದು."

ಅತ್ತೆ ನನ್ನನ್ನು ದಿಟ್ಟಿಸಿ ನೋಡಿದರು. ಆ ಮುಖದಲ್ಲಿ ಕಳ್ಳತನವಿರಲಿಲ್ಲ, ಕೊಂಕೂ ಇರಲಿಲ್ಲ. ನಿಜವಾಗಿಯೂ ಅರ್ಥವಾಗದವರ ಮುಖ. "ನಿಂಗಾ? ಅಷ್ಟು ಒಳ್ಳೇ ಸೀರೆನಾ? ಈ ಮನೆಗೆ ಬಂದು ಇಪ್ಪತ್ಮೂರು ವರ್ಷ ಆಯ್ತು, ನೀನು ನಿಂಗೆ ಅಂತ ಒಳ್ಳೇದು ತಂದಿದ್ದು ನಾನು ನೋಡೇ ಇಲ್ಲ. ಒಳ್ಳೇದಿದೆ ಅಂದ್ರೆ ಯಾರಿಗೋ ಕೊಡೋಕೆ ಅಂತಲೇ ಅಲ್ವಾ? ನಂಗೆ ಹೆಂಗೆ ಗೊತ್ತಾಗ್ಬೇಕು ಮಾರಾಯ್ತಿ?"

ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದವಳು ನಾನು. ಅತ್ತೆ ಬೇಕೆಂದೇ ಮಾಡಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಇಡೀ ಶಿವಮೊಗ್ಗಕ್ಕೆ ಕೇಳುವಂತೆ ಕೂಗಾಡಿ, ಎರಡು ದಿನ ಮಾತು ಬಿಟ್ಟು, ಎಲ್ಲರ ಅನುಕಂಪ ಗಿಟ್ಟಿಸಬಹುದಿತ್ತು. ಆದರೆ ಅವರ ಮಾತಿನಲ್ಲಿ ತಪ್ಪೆಲ್ಲಿದೆ? ಒಂದೊಂದು ಹೆಜ್ಜೆಯೂ ಸರಿಯಾಗಿತ್ತು. ಗಣಿತದ ಮೇಡಂ ಅನ್ನಿಸಿಕೊಂಡವಳು ಎಷ್ಟು ತಿರುವಿ ಹಾಕಿದರೂ ಅದರಲ್ಲಿ ಒಂದು ದೋಷ ಹಿಡಿಯಲಾಗಲಿಲ್ಲ. ಇಪ್ಪತ್ತಮೂರು ವರ್ಷ ನಂಗೇನು, ನಂಗೇನು ಎಂದು ಜಪ ಮಾಡಿದ್ದು ನಾನು. ಮಾಡಿದ್ದುಣ್ಣೋ ಮಹರಾಯ ಎಂದು ಸುಮ್ಮನೆ ಹೇಳಿಲ್ಲ.

ಗಂಡ ತಮ್ಮ ಪಾಲಿನ ಎಣ್ಣೆ ಸುರಿದರು. "ಹೋಗ್ಲಿ ಬಿಡು ಮಾರಾಯ್ತಿ, ಅದೇ ತರದ್ದು ಇನ್ನೊಂದು ತಗೊಂಡ್ರಾಯ್ತು." ಅಂಗಡಿಗೆ ಫೋನ್ ಮಾಡಿದೆ. ಒಂದೇ ಪೀಸ್ ಬಂದಿದ್ದು ಮೇಡಂ ಎಂದರು. ಇದನ್ನು ಹೇಳಿದರೆ ಗಂಡ, "ಹಂಗಾದ್ರೆ ಬೇರೆ ಬಣ್ಣದ್ದು ತಗೋ," ಎಂದು ಹೆಲ್ಮೆಟ್ ಹಾಕಿಕೊಂಡು ಹೊರಟುಹೋದರು. ಲೇತಿಗೆ ಬೇಕಾದ ಬೋಲ್ಟಿನ ಬದಲು ಬೇರೆ ಬೋಲ್ಟು ತಂದುಕೊಟ್ಟರೆ ಇವರು ಸುಮ್ಮನಿರುತ್ತಾರೆಯೇ?

ಮಡಲಕ್ಕಿಯಲ್ಲಿ ಹೋದ ಸೀರೆಯನ್ನು ವಾಪಸ್ ಕೇಳುವುದೆಂದರೆ ಏನು ಎಂದು ನನಗೆ ಗೊತ್ತಿತ್ತು. ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ತುಂಬಿದ ಮಡಿಲನ್ನು ಬರಿದು ಮಾಡಿದ ಹಾಗೆ, ತವರಿಗೂ ಮಗಳಿಗೂ ಒಳ್ಳೆಯದಲ್ಲ ಎನ್ನುತ್ತಾರೆ. ಆ ರಾತ್ರಿ ನಿದ್ದೆಯೂ ಬರಲಿಲ್ಲ, ಸೀರೆಯ ಬಣ್ಣ ಮರೆಯಲೂ ಆಗಲಿಲ್ಲ. ಮಂಗಳವಾರ ಶಾಲೆಯ ಕೆಲಸ ಮುಗಿಸಿ ಭದ್ರಾವತಿಯದೇ ಜನ್ನಾಪುರದಲ್ಲಿರುವ ನಾದಿನಿಯ ಮನೆಗೆ ನಡೆದೆ.

ಅವಳು ಕೆಟ್ಟವಳಲ್ಲ, ಅದೇ ಕಷ್ಟ. ನನಗೆ ಟೈಫಾಯ್ಡ್ ಬಂದಾಗ ಹದಿನೈದು ದಿನ ಬಂದು ನಿಂತು ಗಂಜಿ ಕಾಯಿಸಿ ಕೊಟ್ಟವಳು. ಬಾಗಿಲು ತೆಗೆದವಳೇ ಕೈ ಹಿಡಿದು ಒಳಗೆ ಎಳೆದುಕೊಂಡಳು. ಕಾಫಿ ಬಂತು, ಚಕ್ಕುಲಿ ಬಂತು, ಆಮೇಲೆ ಸೀರೆಯೇ ಬಂತು.

"ಅತ್ತಿಗೆ, ಇದು ನೀವೇ ಆರಿಸಿದ್ದು ಅಂತ ನೋಡಿದ ಕೂಡ್ಲೇ ಗೊತ್ತಾಯ್ತು. ಎಲ್ಲಿ ಹುಡುಕ್ತೀರಿ ನೀವು ಇಂಥಾದ್ದನ್ನ?"

ದಾರಿಯುದ್ದಕ್ಕೂ ಮೂರು ಬಗೆಯಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದೆ. ಆದರೆ ನನ್ನ ಬಾಯಿ ತೆರೆದು ಏನು ಹೇಳಿತು ಗೊತ್ತೇ? "ನಿನ್ನ ಬಣ್ಣಕ್ಕೆ ಒಪ್ಪುತ್ತೆ ಅಂತಲೇ ತಂದೆ." ನನ್ನದೇ ಬಾಯಿ! ಸೊಸೆಯಾಗಿ ಪಳಗಿದ ಆ ಬಾಯಿಗೆ ನನ್ನ ಹಂಗೇ ಇರಲಿಲ್ಲ. ಅವಳು ಸೀರೆಯನ್ನು ಎದೆಗೆ ಒತ್ತಿಕೊಂಡಳು. ನಾನು ಚಕ್ಕುಲಿ ಮುರಿದೆ. ಸ್ವಲ್ಪ ಹೊತ್ತು ಮಳೆಯ ಬಗ್ಗೆ ಮಾತಾಡಿ, ಹೊರಡ್ತೀನಿ ಎಂದು ಎದ್ದೆ.

ಮೇನ್ ರೋಡಿಗೆ ಬಂದು ಆಟೊಗೆ ಕೈ ಮಾಡಿದೆ. ಆಟೊ ನಿಂತಿತು. "ಎಲ್ಲಿಗೆ ಅಕ್ಕ?" ಎಂದ. ನನ್ನ ಮೇಲೆಯೇ ಎಂಥ ಸಿಟ್ಟು ಬಂತೆಂದರೆ ಕಣ್ಣಲ್ಲಿ ನೀರು ಬಂತು. ಇವತ್ತು ಬಸ್ ಹತ್ತಿದರೆ ಮುಗಿಯಿತು, ಮುಂದೆ ಈ ಬಾಯಿ ನನ್ನ ಪರವಾಗಿ ಒಂದು ಮಾತೂ ಆಡುವುದಿಲ್ಲ ಎಂದು ಖಚಿತವಾಗಿ ಅನ್ನಿಸಿತು. "ಎಲ್ಲಿಗೂ ಇಲ್ಲಪ್ಪ, ಹೋಗು," ಎಂದೆ. ಆತ ಏನೋ ಗೊಣಗಿಕೊಂಡು ಹೋದ. ನಾನು ತಿರುಗಿ ನಡೆದು ನಾದಿನಿಯ ಮನೆಯ ಬೆಲ್ ಒತ್ತಿದೆ.

"ಏನಾದ್ರೂ ಮರೆತ್ರಾ ಅತ್ತಿಗೆ?"

"ಆ ಸೀರೆ ನಂದು," ಎಂದೆ. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. "ನಿಂಗೆ ಅಂತ ತಂದಿದ್ದಲ್ಲ. ಆಗ ಸುಳ್ಳು ಹೇಳ್ದೆ. ನಾನು ಉಡೋಕೆ ತಂದಿದ್ದು, ಅತ್ತೆ ಗೊತ್ತಿಲ್ದೆ ಕೊಟ್ರು. ನಂಗೆ ವಾಪಸ್ ಬೇಕು."

ಅವಳ ಮುಖ ಸಪ್ಪಗಾಯಿತು. "ಮಡಲಕ್ಕೀಲಿ ಬಂದಿದ್ದು ಅತ್ತಿಗೆ. ಅಮ್ಮನಿಗೆ ಬೇರೆ ವಯಸ್ಸಾಗಿದೆ, ಹೆಂಗೆ ವಾಪಸ್ ಕೊಡೋದು?" ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, ಮುಖ ಅರಳಿಸಿಕೊಂಡು, "ಒಂದು ಕೆಲ್ಸ ಮಾಡೋಣ. ನಾನೇ ನಿಮಗೆ ಮಡಲಕ್ಕಿ ಹಾಕಿ ಕೊಡ್ತೀನಿ. ವಾಪಸ್ ತಗೊಂಡ ಹಾಗೂ ಆಗಲ್ಲ, ಸೀರೆನೂ ನಿಮಗೆ ಬರುತ್ತೆ. ಬನ್ನಿ, ಕೂತ್ಕೊಳ್ಳಿ," ಎನ್ನುತ್ತಾ ಒಳಗೆ ಹೋಗಿ ಕುಂಕುಮದ ಭರಣಿ, ಅಕ್ಕಿ ತುಂಬಿದ ತಟ್ಟೆ ತಂದಳು.

ಹಾವೂ ಸಾಯದೆ ಕೋಲೂ ಮುರಿಯದ ಇಂಥ ಉಪಾಯ ಹೊಳೆಯಬೇಕಾದರೆ ಬುದ್ಧಿಯೂ ಬೇಕು, ಒಳ್ಳೆಯ ಮನಸ್ಸೂ ಬೇಕು. ಬೇರೆ ಯಾರಾದರೂ ಆಗಿದ್ದರೆ ಸೆರಗು ಒಡ್ಡುತ್ತಿದ್ದರು. ನಾನೂ ಅರ್ಧ ಕೂತಿದ್ದೆ. ಕೂತವಳಿಗೆ, ಈಗ ಸೆರಗೊಡ್ಡಿದರೆ ಇದೂ ಕೊಟ್ಟ ಸೀರೆಯೇ ಆಗುತ್ತದೆ, ನಾದಿನಿ ದೊಡ್ಡ ಮನಸ್ಸು ಮಾಡಿ ಕೊಟ್ಟಳು ಎಂದೇ ಆಗುತ್ತದೆ ಎಂದು ಹೊಳೆಯಿತು. ಎದ್ದು ನಿಂತೆ.

"ಬೇಡ. ಕುಂಕುಮ ಬೇಡ, ಅಕ್ಕಿ ಬೇಡ. ನೀನು ನಂಗೆ ಕೊಡೋದು ಬೇಡ. ಅದು ನಂದು, ತಗೊಂಡು ಹೋಗ್ತೀನಿ ಅಷ್ಟೆ."

ಅವಳು ಭರಣಿಯ ಮುಚ್ಚಳ ಹಾಕಿದಳು. ಸೀರೆಯನ್ನು ಮಡಿಸಿ ಕವರಿಗೆ ಹಾಕಿ, ನನ್ನ ಕೈಗೆ ಕೊಡದೆ ಟೀಪಾಯಿಯ ಮೇಲಿಟ್ಟಳು. ನಾನೇ ಎತ್ತಿಕೊಂಡೆ. ಗೇಟಿನವರೆಗೂ ಬಂದಳು. ಆಮೇಲೆ ಹದಿನೈದು ದಿನ ಅವಳಿಂದ ಫೋನ್ ಬರಲಿಲ್ಲ. ಈಗ ಮಾತಾಡುತ್ತಾಳೆ, ಬರುತ್ತಾಳೆ, ಹೋಗುತ್ತಾಳೆ. ಹೊಸದಾಗಿ ಏನಾದರೂ ಕೊಂಡರೆ ಮಾತ್ರ ನನ್ನನ್ನು ಕರೆದು ತೋರಿಸುವುದಿಲ್ಲ. ಅದಕ್ಕೆ ನನಗೆ ಬೇಸರವಿದೆ, ಆದರೂ ಕೇಳಬಾರದಿತ್ತು ಎಂದು ಅನ್ನಿಸಿಲ್ಲ.

ಆ ಸಂಜೆ ಮನೆಗೆ ಬಂದಾಗ ಅತ್ತೆ ಹಾಲಿನಲ್ಲಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ನನ್ನ ಕೈಯ ಕವರನ್ನು ನೋಡಿದರು.

"ಕೇಳಿದ್ಯಾ?"

"ಕೇಳ್ದೆ."

"ಕೊಟ್ಲಾ?"

"ತಗೊಂಡು ಬಂದೆ."

ಇನ್ನು ಶುರುವಾಗುತ್ತದೆ ಎಂದುಕೊಂಡೆ. ಮಗಳ ಮಡಿಲಿನಿಂದ ತೆಗೆದವಳು, ಮನೆತನದ ಮರ್ಯಾದೆ ಕಳೆದವಳು, ಎಲ್ಲದಕ್ಕೂ ಉತ್ತರ ಸಿದ್ಧಮಾಡಿಕೊಂಡೇ ನಿಂತಿದ್ದೆ. ಅತ್ತೆ ಇನ್ನೂ ನಾಲ್ಕೈದು ದಂಟು ಮುರಿದು ಹಾಕಿದರು.

"ನನ್ನ ಧಾರೆ ಸೀರೆ ಹಿಂಗೇ ಹೋಯ್ತು," ಎಂದರು. "ಮದ್ವೆ ಆಗಿ ಮೂರು ತಿಂಗ್ಳು ಆಗಿರ್ಲಿಲ್ಲ. ನಮ್ಮತ್ತೆ ಅವ್ರ ಮಗಳ ಮಡಿಲಿಗೆ ಹಾಕಿ ಕಳ್ಸಿದ್ರು. ಅವಳೂ ಒಳ್ಳೇವ್ಳೇ, ಕೇಳಿದ್ರೆ ಕೊಡ್ತಿದ್ಲೋ ಏನೋ. ಕೇಳ್ಬೋದು ಅಂತ ನಂಗೆ ಹೊಳೀಲೇ ಇಲ್ಲ ನೋಡು."

"ಯಾವ ಬಣ್ಣದ್ದು ಅತ್ತೆ?" ಎಂದೆ.

ಮಧ್ಯಾಹ್ನ ಉಂಡದ್ದನ್ನು ಸಂಜೆಗೆ ಮರೆಯುವ ಅತ್ತೆ ಕ್ಷಣವೂ ಯೋಚಿಸಲಿಲ್ಲ.

"ದಾಳಿಂಬೆ ಹೂವಿನ ಬಣ್ಣ. ಹಸಿರು ಅಂಚು, ಅದ್ರಲ್ಲಿ ಎರಡು ಸಾಲು ರುದ್ರಾಕ್ಷಿ. ಸೆರಗಿನ ಹತ್ರ ಒಂದು ಎಳೆ ಕಿತ್ತಿತ್ತು, ಧಾರೆ ದಿನ ಬಳೆ ಸಿಕ್ಕಿ."